ಮೂರು ತೂತುಗಳ ಸಾಕ್ಷ್ಯ ಎಷ್ಟು ಗಟ್ಟಿ?

ಅಮೆರಿಕದ ಬೇಟೆ ಪತ್ರಿಕೆಗಳಲ್ಲಿ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಕಾಣಸಿಗುತ್ತದೆ. ಗುರಿಕಾಗದದ ನಡುವೆ ಮೂರು ತೂತುಗಳು. ಅವು ಒಂದಕ್ಕೊಂದು ತಾಗಿಕೊಂಡು ಬಿಲ್ವಪತ್ರೆಯಂತೆ ಕಾಣುತ್ತವೆ. ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ನಾಣ್ಯ ಇಟ್ಟಿರುತ್ತಾರೆ. ‘ದೂರ 100 ಗಜ, ಗುಂಪಿನ ಅಗಲ ಒಂದು ಅಂಗುಲ’ ಎಂಬ ಒಕ್ಕಣೆ ಇರುತ್ತದೆ. ಆಮೇಲೆ ಲೇಖಕರ ತೀರ್ಮಾನ: ಈ ರೈಫಲಿಗೆ ಇಷ್ಟು ಮದ್ದು, ಈ ಗುಂಡು, ಇಷ್ಟು ದಪ್ಪದ ಬಟ್ಟೆ ಒಪ್ಪುತ್ತದೆ. ನಳಿಗೆಯ ಬಾಯಿಯಿಂದಲೇ ಮದ್ದು, ಗುಂಡು ತುಂಬುವ ಬೇಟೆ ರೈಫಲ್‌ಗಳ ಬಗ್ಗೆ ಬರುವ ಬರಹಗಳಲ್ಲಿ ಬಹುಪಾಲು ಈ ಜಾಡಿನಲ್ಲೇ ಸಾಗುತ್ತವೆ. ಈ ಲೇಖನದ ಉದ್ದೇಶ ಆ ತೀರ್ಮಾನವನ್ನು ಪರೀಕ್ಷಿಸುವುದು.

ವಿಜ್ಞಾನ ಪತ್ರಿಕೆಗೆ ಈ ವಿಷಯವೇಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ನಿಷಿದ್ಧ. ಆದರೆ ಇಲ್ಲಿ ಏಳುವ ಪ್ರಶ್ನೆ ಬೇಟೆಗಷ್ಟೇ ಸೇರಿದ್ದಲ್ಲ. ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಮಾಡಿದರೂ ಫಲಿತಾಂಶ ಚದುರುವುದೇಕೆ? ಆ ಚದುರುವಿಕೆಯನ್ನು ಅಳೆಯುವುದು ಹೇಗೆ? ಎಷ್ಟು ಸಲ ಅಳೆದರೆ ಮಾತನಾಡುವ ಹಕ್ಕು ಬರುತ್ತದೆ? ಲೋಲಕದ ಆವರ್ತಕಾಲವನ್ನು ಮೂರು ಸಲ ಅಳೆದು ಸರಾಸರಿ ಬರೆಯುವ ವಿದ್ಯಾರ್ಥಿಯ ಮುಂದೆಯೂ ಇವೇ ಪ್ರಶ್ನೆಗಳಿವೆ.

ಕೇಪಿನ ಕೋವಿ ಮತ್ತು ರೈಫಲ್

ಮಲೆನಾಡು, ಕೊಡಗಿನ ಹಿರಿಯರಿಗೆ ಕೇಪಿನ ಕೋವಿ ಪರಿಚಿತ. ಬಾಯಿಯಿಂದ ಕರಿಮದ್ದು ಸುರಿದು, ಮೇಲೆ ಚರೆ ಅಥವಾ ಗುಂಡು ಹಾಕಿ, ಕೋಲಿನಿಂದ ಗಿಡಿದು, ಹಿಂಬದಿಯಲ್ಲಿ ಕೇಪು ಸಿಕ್ಕಿಸಿ ಹೊಡೆಯುವ ಆಯುಧ ಅದು. ಸಾಮಾನ್ಯವಾಗಿ ಅದರ ನಳಿಗೆಯ ಒಳಮೈ ನುಣುಪು. ರೈಫಲಿನ ಒಳಮೈಯಲ್ಲಿ ಸುರುಳಿ ಸುರುಳಿಯಾದ ತೋಡುಗಳಿರುತ್ತವೆ. ಗುಂಡು ಆ ತೋಡುಗಳ ಹಿಡಿತಕ್ಕೆ ಸಿಕ್ಕಿ, ತನ್ನ ಅಕ್ಷದ ಸುತ್ತ ತಿರುಗುತ್ತಾ ಹೊರಬರುತ್ತದೆ.

ಬಾಯಿಯಿಂದ ತುಂಬುವ ರೈಫಲ್ ಅಮೆರಿಕದಲ್ಲಿ ವಸ್ತುಸಂಗ್ರಹಾಲಯ ಸೇರಿಲ್ಲ. 1933ರಲ್ಲಿ ಅಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಅನೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಈ ರೈಫಲ್‌ಗಳಿಗೆಂದೇ ಪ್ರತ್ಯೇಕ ಋತುವಿದೆ. ಇದನ್ನು ಹಿಡಿದವನಿಗೆ ಸಿಗುವುದು ಒಂದೇ ಈಡು. ಮತ್ತೆ ತುಂಬುವಷ್ಟರಲ್ಲಿ ಪ್ರಾಣಿ ನಿಂತಿರುವುದಿಲ್ಲ. ಈಡು ಕೆಲವು ಅಂಗುಲ ಆಚೀಚೆಯಾದರೆ ಪ್ರಾಣಿ ಸಾಯುವುದಿಲ್ಲ. ಗಾಯಗೊಂಡು ಕಾಡು ಸೇರಿ ದಿನಗಟ್ಟಲೆ ನರಳುತ್ತದೆ. ಆದ್ದರಿಂದ ಗುಂಪಿನ ಅಗಲದ ಪ್ರಶ್ನೆ ಬರಿಯ ಹೆಮ್ಮೆಯ ಪ್ರಶ್ನೆಯಲ್ಲ.

ಕಾರಣ ಹುಡುಕಿದ ರಾಬಿನ್ಸ್

ಈ ವಿಷಯದ ವೈಜ್ಞಾನಿಕ ಬರಹ ಶುರುವಾಗುವುದು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್‌ನಿಂದ ಎನ್ನಬಹುದು. 1742ರಲ್ಲಿ ಆತನ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನರಿ’ ಪ್ರಕಟವಾಯಿತು. ಗುಂಡನ್ನು ಭಾರವಾದ ಲೋಲಕಕ್ಕೆ ಹೊಡೆದು, ಲೋಲಕ ಎಷ್ಟು ತೂಗಿತೆಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಉಪಾಯ ಅವನದು. ಸಂವೇಗ ಸಂರಕ್ಷಣೆಯ ಪಾಠದಲ್ಲಿ ನೀವು ಇಂದಿಗೂ ಈ ಲೆಕ್ಕ ಮಾಡಿಸುತ್ತೀರಿ. ಈತನ ಕೊನೆಯ ದಿನಗಳು ಕಳೆದದ್ದು ನಮ್ಮ ನೆರೆಯಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.

ನುಣುಪು ನಳಿಗೆಯಿಂದ ಹೊರಟ ಗುಂಡು ನೇರ ಹೋಗದೆ ಪಕ್ಕಕ್ಕೆ ಬಾಗುವುದೇಕೆ ಎಂಬುದಕ್ಕೆ ರಾಬಿನ್ಸ್ ಒಂದು ಸೊಗಸಾದ ಪ್ರಯೋಗ ಮಾಡಿದ. ಕೋವಿಯ ನಳಿಗೆಯ ತುದಿಯನ್ನು ತುಸು ಎಡಕ್ಕೆ ಬಗ್ಗಿಸಿದ. ದಾರಿಯಲ್ಲಿ ತೆಳುಕಾಗದದ ಪರದೆಗಳನ್ನು ಕಟ್ಟಿ, ಕೊನೆಗೆ ಒಂದು ಗೋಡೆಯನ್ನು ಗುರಿಯಾಗಿಸಿದ. ಹತ್ತಿರದ ಪರದೆಗಳಲ್ಲಿ ತೂತು ಎಡಕ್ಕಿತ್ತು. ಆದರೆ ದೂರದ ಗೋಡೆಯ ಮೇಲೆ ಗುಂಡು ಬಡಿದದ್ದು ಬಲಕ್ಕೆ! ಎಡಕ್ಕೆ ಬಾಗಿದ ನಳಿಗೆಯಲ್ಲಿ ಗುಂಡು ಬಲಗೋಡೆಯನ್ನು ಉಜ್ಜಿಕೊಂಡು ಸಾಗುತ್ತದೆ. ಆ ಘರ್ಷಣೆಯಿಂದ ಅದು ಬುಗುರಿಯಂತೆ ತಿರುಗತೊಡಗುತ್ತದೆ. ತಿರುಗುವ ಗೋಳದ ಎರಡು ಪಕ್ಕಗಳಲ್ಲಿ ಗಾಳಿಯ ಹರಿವು ಒಂದೇ ರೀತಿ ಇರದ ಕಾರಣ ಅದು ಪಕ್ಕಕ್ಕೆ ತಳ್ಳಲ್ಪಡುತ್ತದೆ. ಸ್ಪಿನ್ ಮಾಡಿದ ಕ್ರಿಕೆಟ್ ಚೆಂಡು ಗಾಳಿಯಲ್ಲಿ ಹೊರಳುವುದಕ್ಕೂ ಇದೇ ಕಾರಣ. ಇಂದು ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ರಾಬಿನ್ಸ್‌ನ ಪುಸ್ತಕವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದ ಮಹಾ ಗಣಿತಜ್ಞ ಆಯ್ಲರ್ ಈ ವಿವರಣೆಯನ್ನು ಒಪ್ಪದೆ, ಗುಂಡಿನ ಓರೆಕೋರೆ ಆಕಾರವೇ ಕಾರಣವೆಂದ. ಆದರೆ ಸರಿಯಿದ್ದದ್ದು ರಾಬಿನ್ಸ್.

1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಆತ ರೈಫಲಿನ ಗುಟ್ಟನ್ನು ಬಿಡಿಸಿಟ್ಟ. ತೋಡುಗಳು ಗುಂಡನ್ನು ಹಾರಾಟದ ದಿಕ್ಕನ್ನೇ ಅಕ್ಷವಾಗಿಸಿಕೊಂಡು ತಿರುಗಿಸುತ್ತವೆ. ಹಾಗಾಗಿ ಒಂದು ಪಕ್ಕಕ್ಕೆ ಸತತವಾಗಿ ತಳ್ಳುವ ಬಲ ಉಳಿಯುವುದಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಗುಂಡನ್ನು ಜಿಡ್ಡು ಸವರಿದ ತೆಳು ತೊಗಲು ಅಥವಾ ಬಟ್ಟೆಯ ಬಿಲ್ಲೆಯೊಳಗಿಟ್ಟು ತುಂಬುವ ಪದ್ಧತಿಯನ್ನೂ ಅಲ್ಲಿ ವಿವರಿಸಿದ. ಅಮೆರಿಕದ ಬೇಟೆಗಾರರು ಇಂದಿಗೂ ಮಾಡುವುದು ಅದನ್ನೇ.

ರಾಬಿನ್ಸ್‌ನ ಬಾಗಿದ ನಳಿಗೆಯ ಪ್ರಯೋಗಕ್ಕೆ ನೂರಾರು ಈಡುಗಳು ಬೇಕಿರಲಿಲ್ಲ. ಎಡಕ್ಕೆ ಹೊರಟದ್ದು ಬಲಕ್ಕೆ ಬಡಿಯುವಷ್ಟು ಪರಿಣಾಮ ದೊಡ್ಡದಿತ್ತು. ಹುಡುಕುತ್ತಿರುವ ಪರಿಣಾಮ ಚದುರುವಿಕೆಗಿಂತ ಬಹಳ ದೊಡ್ಡದಾಗಿದ್ದಾಗ ಕೆಲವೇ ಈಡುಗಳು ಸಾಕು. ಅದು ಚದುರುವಿಕೆಯಷ್ಟೇ ಅಥವಾ ಅದಕ್ಕಿಂತ ಚಿಕ್ಕದಾಗಿದ್ದಾಗ ಸಾಲದು. ಮುಂದಿನ ವಿಮರ್ಶೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ತುಂಬುವವನ ಕೈಯಲ್ಲಿರುವ ಏಕರೂಪತೆ

ಕೈಪಿಡಿಗಳು ಕೊಡುವ ಬುದ್ಧಿಮಾತುಗಳಲ್ಲಿ ಹೆಚ್ಚಿನವು ಭೌತಶಾಸ್ತ್ರಕ್ಕೆ ಒಪ್ಪುವಂಥವು ಎಂಬುದನ್ನು ಮೊದಲು ಹೇಳಬೇಕು. ಕಾರ್ಖಾನೆಯ ತೋಟಾದಲ್ಲಿ ಯಂತ್ರ ಮಾಡುವ ಕೆಲಸವನ್ನು ಇಲ್ಲಿ ಪ್ರತಿ ಈಡಿಗೂ ಮನುಷ್ಯನ ಕೈ ಮಾಡುತ್ತದೆ. ಮದ್ದಿನ ಪ್ರಮಾಣ, ಬಟ್ಟೆಯ ದಪ್ಪ, ಜಿಡ್ಡು, ಕೋಲಿನ ಒತ್ತಡ ಇವು ಪ್ರತಿ ಸಲವೂ ಒಂದೇ ಆಗಿದ್ದರೆ ಗುಂಪು ಕಿರಿದಾಗುತ್ತದೆ. ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿರಲೇಬೇಕು. ನಡುವೆ ಖಾಲಿ ಜಾಗ ಉಳಿದರೆ ನಿಖರತೆಯ ಮಾತು ಹಾಗಿರಲಿ, ನಳಿಗೆಯೇ ಉಬ್ಬುವ ಅಪಾಯವಿದೆ.

ವೇಗದ ವ್ಯತ್ಯಾಸ ಏನು ಮಾಡುತ್ತದೆಂದು ಒಂದು ಸರಳ ಲೆಕ್ಕದಿಂದ ನೋಡಿ. 100 ಗಜವೆಂದರೆ ಸುಮಾರು 90 ಮೀಟರ್. ಗುಂಡಿನ ಸರಾಸರಿ ವೇಗ ಸೆಕೆಂಡಿಗೆ 450 ಮೀಟರ್ ಎಂದಿಟ್ಟುಕೊಂಡರೆ ಹಾರಾಟದ ಕಾಲ 0.2 ಸೆಕೆಂಡು. ಆ ಹೊತ್ತಿನಲ್ಲಿ ಗುರುತ್ವದಿಂದ ಗುಂಡು ಇಳಿಯುವುದು ಸುಮಾರು 19.6 ಸೆಂಟಿಮೀಟರ್. ವೇಗ ಶೇ. 2ರಷ್ಟು ಕುಗ್ಗಿದರೆ ಇಳಿತ ಸುಮಾರು 20.4 ಸೆಂಟಿಮೀಟರ್. ಅಂದರೆ 8 ಮಿಲಿಮೀಟರ್ ವ್ಯತ್ಯಾಸ. ತೂತುಗಳು ಮೇಲೆ ಕೆಳಗೆ ಹರಡಿದ್ದರೆ ಮೊದಲು ಮದ್ದಿನ ಅಳತೆಯನ್ನು ಸಂದೇಹಿಸಿ ಎಂಬ ಸಲಹೆಯ ಹಿಂದೆ ಇರುವುದು ಈ ಲೆಕ್ಕವೇ.

ತೋಡುಗಳ ಸುರುಳಿಯ ವಿಷಯದಲ್ಲೂ ಸಲಹೆ ಸರಿಯಾಗಿದೆ. ಬಟ್ಟೆ ಸುತ್ತಿದ ದುಂಡು ಗುಂಡಿಗೆ 66 ಅಂಗುಲಕ್ಕೆ ಒಂದು ಸುತ್ತಿನಂಥ ನಿಧಾನ ಸುರುಳಿ ಸಾಕು. ಉದ್ದನೆಯ ಗುಂಡು ಗಾಳಿಯಲ್ಲಿ ಅಡ್ಡ ಮಗುಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ವೇಗದ ತಿರುಗುವಿಕೆ ಬೇಕು. 1879ರಲ್ಲಿ ಗ್ರೀನ್‌ಹಿಲ್ ಕೊಟ್ಟ ಸೂತ್ರ ಹೀಗಿದೆ: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. ವ್ಯಾಸ 0.45 ಅಂಗುಲ, ಉದ್ದ 0.9 ಅಂಗುಲವಿದ್ದರೆ ಸುಮಾರು 34 ಅಂಗುಲಕ್ಕೆ ಒಂದು ಸುತ್ತು ಬೇಕು. 1985ರ ನಂತರ ಹರಡಿದ ಹೊಸ ಮಾದರಿಯ ರೈಫಲ್‌ಗಳಲ್ಲಿ 28 ಅಂಗುಲಕ್ಕೆ ಒಂದು ಸುತ್ತು ಸಾಮಾನ್ಯ. ನಿಧಾನ ಸುರುಳಿಯ ನಳಿಗೆಯಲ್ಲಿ ಉದ್ದ ಗುಂಡು ಹಾಕಿ ಗುಂಪು ಚದುರಿತೆಂದು ಕೊರಗುವವರಿಗೆ ಈ ಭಾಗಾಕಾರವೇ ಉತ್ತರ. ಇದೂ ರಾಬಿನ್ಸ್‌ನ ಪ್ರಯೋಗದಂತೆ ದೊಡ್ಡ ಪರಿಣಾಮ. ಕೆಲವೇ ಈಡುಗಳಲ್ಲಿ ಕಂಡುಬಿಡುತ್ತದೆ.

ತೊಡಕು ಹುಟ್ಟುವುದು ಸಣ್ಣ ಪರಿಣಾಮಗಳಲ್ಲಿ. ಮದ್ದು ತುಸು ಹೆಚ್ಚಿಸಿದರೆ, ಬಟ್ಟೆ ಕೂದಲೆಳೆಯಷ್ಟು ದಪ್ಪವಾದರೆ, ಜಿಡ್ಡು ಬದಲಾಯಿಸಿದರೆ ಗುಂಪು ಕಿರಿದಾಯಿತೇ ಎಂಬ ಪ್ರಶ್ನೆಗೆ ಅದೇ ಮೂರು ಈಡುಗಳಿಂದ ಉತ್ತರ ಹೇಳುತ್ತಾರೆ.

ದಾರದಿಂದ ಅಳೆದ ಕಾಲ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಗುರಿಕಾರರು ಈ ವಿಷಯದಲ್ಲಿ ಇಂದಿನವರಿಗಿಂತ ಜಾಣರಾಗಿದ್ದರು. ಅವರ ಪಂದ್ಯಗಳಲ್ಲಿ ಹತ್ತು ಈಡು ಹೊಡೆದು, ಗುರಿಯ ನಡುಬಿಂದುವಿನಿಂದ ಪ್ರತಿ ತೂತಿನವರೆಗಿನ ದೂರವನ್ನು ದಾರದಿಂದ ಅಳೆದು ಒಟ್ಟು ಕೂಡಿಸುತ್ತಿದ್ದರು. ಯಾರ ದಾರ ಗಿಡ್ಡವೋ ಅವರು ಗೆದ್ದಂತೆ.

ಆ ಕಾಲದ ಒಂದು ಸುಧಾರಣೆ ಖಗೋಳಾಸಕ್ತರಿಗೆ ಸ್ವಾರಸ್ಯಕರ. ಗುಂಡನ್ನು ನಳಿಗೆಯ ಬಾಯಿಗೆ ಓರೆಯಾಗದಂತೆ ಇಳಿಸುವುದು ಕಷ್ಟ. ಅದಕ್ಕಾಗಿ ತುಂಬುವಾಗ ಮಾತ್ರ ಕೂರಿಸಿ, ಹೊಡೆಯುವ ಮುನ್ನ ತೆಗೆದುಬಿಡುವ ಒಂದು ಕಳಚುಬಾಯಿಗೆ 1840ರಲ್ಲಿ ಪೇಟೆಂಟ್ ಪಡೆದವನು ಆಲ್ವನ್ ಕ್ಲಾರ್ಕ್. ಯರ್ಕಿಸ್ ವೀಕ್ಷಣಾಲಯದ 40 ಅಂಗುಲದ ಮಸೂರವನ್ನು ಮುಂದೆ ಉಜ್ಜಿ ಕೊಟ್ಟದ್ದು ಅವನು ಕಟ್ಟಿದ ಸಂಸ್ಥೆಯೇ. ಗುಂಡಿನ ಹಿಂಬದಿ ಎಲ್ಲ ಕಡೆ ಒಂದೇ ಸಮ ಇರಬೇಕೆಂಬುದು ಆ ಸಾಧನದ ಉದ್ದೇಶ. ಫ್ರಾಂಕ್ಲಿನ್ ಮ್ಯಾನ್ ಎಂಬ ವೈದ್ಯ ತನ್ನ ದೀರ್ಘಕಾಲದ ಪ್ರಯೋಗಗಳನ್ನು 1909ರ ಪುಸ್ತಕವೊಂದರಲ್ಲಿ ಪ್ರಕಟಿಸಿದ. ಗುಂಡಿನ ಮೂತಿ ಜಜ್ಜಿದರೆ ಆಗುವ ಹಾನಿಗಿಂತ ಹಿಂಬದಿ ಜಜ್ಜಿದರೆ ಆಗುವ ಹಾನಿ ಬಹಳ ಹೆಚ್ಚೆಂದು ಆತ ತೋರಿಸಿದ. ನಳಿಗೆಯನ್ನು ಅಲುಗಾಡದ ಕಟ್ಟೆಯ ಮೇಲೆ ಕೂರಿಸಿ, ಮನುಷ್ಯನ ಕೈ ಕಣ್ಣುಗಳ ಪಾಲನ್ನು ಹೊರಗಿಟ್ಟದ್ದು ಅವನ ಹೆಚ್ಚುಗಾರಿಕೆ. ಇಂದಿನ ಚಿತ್ರಗಳಲ್ಲಿ ಕಾಣುವ ಗುಂಪು ರೈಫಲಿನದೆಷ್ಟು, ಹೊಡೆದವನದೆಷ್ಟು ಎಂಬ ವಿಂಗಡಣೆ ಸಾಮಾನ್ಯವಾಗಿ ಇರುವುದಿಲ್ಲ.

ದಾರದ ಪದ್ಧತಿಯಲ್ಲೂ ಕುಂದಿದೆ. ಎಲ್ಲ ಹತ್ತು ತೂತುಗಳೂ ಲೆಕ್ಕಕ್ಕೆ ಬರುತ್ತವೆ ಎಂಬುದು ಅದರ ದೊಡ್ಡ ಗುಣ. ಆದರೆ ಅಳತೆ ಗುರಿಯ ನಡುವಿನಿಂದ ಆಗುವುದರಿಂದ ಎರಡು ಬೇರೆ ದೋಷಗಳು ಬೆರೆತುಹೋಗುತ್ತವೆ. ತೂತುಗಳೆಲ್ಲ ಒತ್ತಾಗಿದ್ದೂ ಗುರಿಯಿಂದ ಮೂರು ಅಂಗುಲ ಎಡಕ್ಕೆ ಬಿದ್ದಿದ್ದರೆ ದಾರ ಉದ್ದವಾಗುತ್ತದೆ. ಇದು ಕ್ರಮಬದ್ಧ ದೋಷ. ಗುರಿಗಣ್ಣನ್ನು ಸರಿಸಿದರೆ ಸರಿಹೋಗುತ್ತದೆ. ತೂತುಗಳು ಗುರಿಯ ಸುತ್ತ ಹರಡಿದ್ದರೆ ಅದು ಯಾದೃಚ್ಛಿಕ ದೋಷ. ಅದಕ್ಕೆ ತುಂಬುವ ಕ್ರಮವನ್ನೇ ತಿದ್ದಬೇಕು. ಮೊದಲನೆಯದು ನಿಖರತೆಯ ಕೊರತೆ, ಎರಡನೆಯದು ನಿಷ್ಕೃಷ್ಟತೆಯ ಕೊರತೆ. ಗುಂಪಿನ ಅಗಲ ಎರಡನೆಯದನ್ನು ಮಾತ್ರ ಹೇಳುತ್ತದೆ. ಅದೂ ಎಷ್ಟು ದುರ್ಬಲವಾಗಿ ಎಂಬುದನ್ನು ಈಗ ನೋಡೋಣ.

ಮೂರರ ಲೆಕ್ಕ

ಗುಂಪಿನ ಅಗಲವೆಂದರೆ ಅತಿ ದೂರದ ಎರಡು ತೂತುಗಳ ನಡುವಣ ಅಂತರ. ಈಡುಗಳ ಸಂಖ್ಯೆ ಹೆಚ್ಚಿದಂತೆ ಅದು ಹಿಗ್ಗಬಹುದೇ ಹೊರತು ಎಂದೂ ಕುಗ್ಗದು. ಚದುರುವಿಕೆ ಎರಡೂ ದಿಕ್ಕಿನಲ್ಲಿ ಸಮವಾಗಿದ್ದು, ಪ್ರಸಾಮಾನ್ಯ ವಿತರಣೆಯನ್ನು ಅನುಸರಿಸುತ್ತದೆ ಎಂದು ಭಾವಿಸಿ. ಒಂದೊಂದು ದಿಕ್ಕಿನ ಮಾನಕ ವಿಚಲನೆ 1 ಸೆಂಟಿಮೀಟರ್ ಇರಲಿ. ಆಗ ಮೂರು ಈಡುಗಳ ಗುಂಪಿನ ಸರಾಸರಿ ಅಗಲ ಸುಮಾರು 2.4 ಸೆಂಟಿಮೀಟರ್, ಐದರದು 3.1, ಹತ್ತರದು 3.8. ರೈಫಲ್ ಅದೇ, ಮದ್ದು ಅದೇ, ಗುಂಡೂ ಅದೇ. ‘ಒಂದು ಅಂಗುಲದ ರೈಫಲ್’ ಹತ್ತು ಈಡಿನಲ್ಲಿ ಒಂದೂವರೆ ಅಂಗುಲದ್ದಾಗಿಬಿಡುತ್ತದೆ. ಈ ಬಗೆಯ ಕೋಷ್ಟಕಗಳನ್ನು ಅಮೆರಿಕದ ಸೇನೆಯ ಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ಗ್ರಬ್ಸ್ 1964ರಷ್ಟು ಹಿಂದೆಯೇ ರೈಫಲ್‌ಗಾರರಿಗೆಂದು ಬರೆದ ಕಿರುಹೊತ್ತಗೆಯಲ್ಲಿ ಒದಗಿಸಿದ್ದ. ಬೇಟೆ ಬರಹಗಳು ಅದನ್ನು ಬಳಸಿಕೊಂಡದ್ದು ಕಡಿಮೆ.

ಇದಕ್ಕಿಂತ ದೊಡ್ಡ ತೊಂದರೆ ಏರುಪೇರಿನದು. ಮೂರು ಈಡಿನ ಗುಂಪುಗಳ ಅಗಲ ತನ್ನ ಸರಾಸರಿಯಿಂದ ಶೇ. 37ರಷ್ಟು ಆಚೀಚೆ ಆಗುವುದು ಸಹಜ. ಐದು ಬಗೆಯ ಮದ್ದಿನ ಅಳತೆಗಳನ್ನು ತಲಾ ಮೂರು ಈಡಿನಿಂದ ಪರೀಕ್ಷಿಸಿದಿರಿ ಎನ್ನಿ. ಐದೂ ನಿಜವಾಗಿ ಒಂದೇ ಸಮವಾಗಿದ್ದರೂ ಅತಿ ಚಿಕ್ಕ ಗುಂಪು ಅತಿ ದೊಡ್ಡದರ ಅರ್ಧಕ್ಕಿಂತ ಕಡಿಮೆ ಇರುವುದು ಆಶ್ಚರ್ಯವಲ್ಲ. ಚಿಕ್ಕದರ ಚಿತ್ರ ತೆಗೆದು ‘ಇದೇ ಒಪ್ಪುವ ಅಳತೆ’ ಎಂದರೆ ನೀವು ಆರಿಸಿದ್ದು ಮದ್ದನ್ನಲ್ಲ, ಅದೃಷ್ಟವನ್ನು. ಮರುದಿನ ಅದೇ ಅಳತೆ ಚದುರಿದಾಗ ಗಾಳಿಯನ್ನೋ ಬಟ್ಟೆಯನ್ನೋ ದೂರಬೇಕಾಗುತ್ತದೆ. ಇನ್ನೊಂದು ಅಭ್ಯಾಸವೂ ಇದೆ. ಎರಡು ತೂತು ಒಟ್ಟಿಗಿದ್ದು ಮೂರನೆಯದು ದೂರ ಬಿದ್ದರೆ ‘ಅದು ನನ್ನ ಕೈತಪ್ಪು’ ಎಂದು ಬಿಟ್ಟುಬಿಡುತ್ತಾರೆ. ಕೈತಪ್ಪೆಂದು ಈಡು ಹಾರಿದ ಕ್ಷಣದಲ್ಲೇ, ಕಾಗದ ನೋಡುವ ಮುನ್ನವೇ ಹೇಳಿದ್ದರೆ ಒಪ್ಪಬಹುದು. ನೋಡಿದ ಮೇಲೆ ಹೇಳಿದರೆ ಅದು ದತ್ತಾಂಶವನ್ನು ತಿದ್ದಿದಂತೆ.

ಬೇಟೆಗಾರನಿಗೆ ಬೇಕಾದ ಅಳತೆ

ಮೂರೇ ಈಡು ಹೊಡೆಯುವುದಕ್ಕೆ ಕಾರಣಗಳಿಲ್ಲದಿಲ್ಲ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಘನ ಪದಾರ್ಥವಾಗಿ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹೋದರೂ ಉಳಿದದ್ದು ನಳಿಗೆಯೊಳಗೆ ಕಿಟ್ಟವಾಗಿ ಅಂಟುತ್ತದೆ. ಮುಂದಿನ ಗುಂಡು ಬಿಗಿಯಾಗುತ್ತದೆ, ಒತ್ತಡ ಬದಲಾಗುತ್ತದೆ. ಆದ್ದರಿಂದ ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯಿಂದ ಒರೆಸಬೇಕು, ಮತ್ತೆ ಒಣಬಟ್ಟೆಯಿಂದ ಒರೆಸಬೇಕು. ಹತ್ತು ಈಡಿಗೆ ಸಮಯ ಹಿಡಿಯುತ್ತದೆ, ಭುಜವೂ ಸೋಲುತ್ತದೆ.

ಆದರೆ ಇಲ್ಲೇ ಇನ್ನೊಂದು ಅಸಂಗತಿ ಇದೆ. ಬೇಟೆಗಾರ ಕಾಡಿನಲ್ಲಿ ಹೊಡೆಯುವುದು ಮೊದಲ ಈಡನ್ನು. ಹೆಚ್ಚಾಗಿ ಆಗ ನಳಿಗೆ ತಣ್ಣಗಿರುತ್ತದೆ, ಶುಚಿಯಾಗಿರುತ್ತದೆ. ಮೇಜಿನ ಮೇಲೆ ಹೊಡೆದ ಎರಡನೆಯ, ಮೂರನೆಯ ಈಡುಗಳು ಒಮ್ಮೆ ಬಳಸಿ ಒರೆಸಿದ, ಬೆಚ್ಚಗಿನ ನಳಿಗೆಯವು. ಕೇಳಬೇಕಾದ ಪ್ರಶ್ನೆ ಒಂದು, ಅಳೆದದ್ದು ಬೇರೊಂದು.

ಪರಿಹಾರ ಕಷ್ಟದ್ದಲ್ಲ. ದಿನಕ್ಕೊಂದು ಈಡು, ಶುಚಿಯಾದ ತಣ್ಣನೆಯ ನಳಿಗೆಯಿಂದ, ಹತ್ತು ದಿನ, ಒಂದೇ ಕಾಗದದ ಮೇಲೆ. ಭುಜಕ್ಕೂ ನೋವಿಲ್ಲ, ಮದ್ದಿಗೂ ಹೆಚ್ಚು ಖರ್ಚಿಲ್ಲ. ಆಮೇಲೆ ಪ್ರತಿ ತೂತಿನ ಅಡ್ಡ, ಉದ್ದ ದೂರಗಳನ್ನು ಅಳೆದು ಸರಾಸರಿ ಬಿಂದುವನ್ನೂ ಮಾನಕ ವಿಚಲನೆಯನ್ನೂ ಲೆಕ್ಕಹಾಕಬೇಕು. ಸರಾಸರಿ ಬಿಂದು ಗುರಿಯಿಂದ ಎಷ್ಟು ದೂರವೋ ಅಷ್ಟು ಗುರಿಗಣ್ಣನ್ನು ಸರಿಸಬೇಕು. ಸರಾಸರಿಯ ಅನಿಶ್ಚಿತತೆ ಈಡುಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ ಮೂರು ಈಡಿನಲ್ಲಿ ಅದು ಮಾನಕ ವಿಚಲನೆಯ 0.58ರಷ್ಟು, ಹತ್ತರಲ್ಲಿ 0.32ರಷ್ಟು. ಹೀಗೆ ಗುರಿ ಸರಿಪಡಿಸಿದ ಮೇಲೆ ಮುಂದಿನ ಒಂದು ಈಡು ಗುರಿಯ ನಡುವಿನಿಂದ ಒಂದು ಮಾನಕ ವಿಚಲನೆಯೊಳಗೆ ಬೀಳುವ ಸಂಭಾವ್ಯತೆ ಸುಮಾರು ಶೇ. 39, ಎರಡರೊಳಗೆ ಶೇ. 86, ಮೂರರೊಳಗೆ ಶೇ. 99. ಪ್ರಾಣಿಯ ಮರ್ಮಸ್ಥಾನದ ಅಗಲವನ್ನು ಈ ಅಂಕಿಗಳ ಪಕ್ಕದಲ್ಲಿಟ್ಟರೆ ಎಷ್ಟು ದೂರದವರೆಗೆ ಹೊಡೆಯಬಹುದು, ಯಾವ ದೂರದಲ್ಲಿ ಕೈ ತಡೆಯಬೇಕು ಎಂಬುದು ತಿಳಿಯುತ್ತದೆ. ಮೂರು ತೂತಿನ ಚಿತ್ರ ಇದನ್ನು ತಿಳಿಸುವುದಿಲ್ಲ. ಬದಲಿಗೆ ಹೆಚ್ಚು ದೂರದ ಈಡಿಗೆ ಧೈರ್ಯ ತುಂಬುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಇದನ್ನು ನಂಬಲು ಕೋವಿ ಬೇಕಿಲ್ಲ. ಮೇಜಿನ ಮೇಲೆ ಒಂದು ಇಳಿಜಾರು ಹಲಗೆ ಇಟ್ಟು, ಗುರುತು ಮಾಡಿದ ಒಂದೇ ಜಾಗದಿಂದ ಉಕ್ಕಿನ ಗೋಲಿಯನ್ನು ಉರುಳಲು ಬಿಡಿ. ಅದು ನೆಲಕ್ಕೆ ಬೀಳುವಲ್ಲಿ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಕಾಗದ ಇಡಿ. ಮೂವತ್ತು ಸಲ ಬಿಟ್ಟು, ಬಿದ್ದ ಕ್ರಮದಲ್ಲೇ ಚುಕ್ಕಿಗಳಿಗೆ ಸಂಖ್ಯೆ ಹಾಕಿ. ಈಗ ಮೂರು ಮೂರರಂತೆ ಹತ್ತು ಗುಂಪು ಮಾಡಿ ಅಗಲ ಅಳೆಯಿರಿ. ಹತ್ತು ಹತ್ತರಂತೆ ಮೂರು ಗುಂಪು ಮಾಡಿಯೂ ಅಳೆಯಿರಿ. ಯಾವ ಬದಲಾವಣೆಯನ್ನೂ ಮಾಡದಿದ್ದರೂ ಮೂರರ ಗುಂಪುಗಳಲ್ಲಿ ಕೆಲವು ‘ಅದ್ಭುತ’ವಾಗಿಯೂ ಕೆಲವು ‘ಕಳಪೆ’ಯಾಗಿಯೂ ಕಾಣುವುದನ್ನು ವಿದ್ಯಾರ್ಥಿಗಳು ತಾವೇ ನೋಡಲಿ. ಗೋಲಿ ಸಾಗುವ ದಿಕ್ಕಿನ ಚದುರುವಿಕೆಗೂ ಅಡ್ಡ ದಿಕ್ಕಿನದಕ್ಕೂ ವ್ಯತ್ಯಾಸವಿದ್ದರೆ ಕಾರಣ ಕೇಳಿ. ಮೊದಲನೆಯದರಲ್ಲಿ ವೇಗದ ಏರುಪೇರಿನ ಪಾಲಿದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಆಮೇಲೆ ಬಿಡುವ ಜಾಗವನ್ನು ಒಂದು ಸೆಂಟಿಮೀಟರ್ ಮೇಲಕ್ಕೆ ಸರಿಸಿ. ಬಳಿಕ ಒಂದು ಮಿಲಿಮೀಟರ್ ಮಾತ್ರ ಸರಿಸಿ. ಎಷ್ಟು ಸಲ ಬಿಟ್ಟರೆ ಆ ವ್ಯತ್ಯಾಸ ಇದೆಯೆಂದು ಖಚಿತವಾಗಿ ಹೇಳಬಹುದೆಂದು ಅವರೇ ನಿರ್ಧರಿಸಲಿ. ಪ್ರಯೋಗ ಪುಸ್ತಕದಲ್ಲಿ ಎಲ್ಲ ಮೂವತ್ತು ಚುಕ್ಕಿಗಳೂ ಇರಬೇಕು. ಹೊಂದದ ಚುಕ್ಕಿಯನ್ನು ಅಳಿಸುವಂತಿಲ್ಲ ಎಂಬ ನಿಯಮವನ್ನು ಮೊದಲೇ ಹೇಳಿಬಿಡಿ.